ಕೈತುಂಬ ನಾಣ್ಯ ಇರುವಾಗ ಹಳೆಯ ಆರ್ಕೇಡ್ ಆಟ ಸಪ್ಪೆಯಾಗುವುದೇಕೆ?

ಕೆಂಪುಗುಂಡಿ:
ಚಿಕ್ಕಂದಿನಲ್ಲಿ ಆರ್ಕೇಡ್‌ಗೆ, ಅಂದರೆ ನಾಣ್ಯ ಹಾಕಿ ಆಡುವ ವಿಡಿಯೋ ಗೇಮ್ ಅಂಗಡಿಗೆ, ನಾವು ಆಡುವುದಕ್ಕಿಂತ ನೋಡುವುದಕ್ಕೇ ಹೆಚ್ಚು ಹೋಗುತ್ತಿದ್ದೆವು. ಇದ್ದ ಒಂದು ನಾಣ್ಯವನ್ನು ಪರದೆಯ ಗಾಜಿನ ಅಂಚಿನಲ್ಲಿ ಇಟ್ಟರೆ ಮುಂದಿನ ಸರದಿ ನಮ್ಮದು; ಅದನ್ನು ಯಾರೂ ಮುಟ್ಟುತ್ತಿರಲಿಲ್ಲ. ‘ಸ್ಟ್ರೀಟ್ ಫೈಟರ್ 2’ ಯಂತ್ರದಲ್ಲಿ ಒಬ್ಬ ಅಣ್ಣ ಯಾವಾಗಲೂ ಗೈಲ್ ಎಂಬ ಹೋರಾಟಗಾರನನ್ನೇ ಆಡಿಸುತ್ತಿದ್ದ. ಜಾಯ್‌ಸ್ಟಿಕ್ಕನ್ನು ಹಿಂದಕ್ಕೆ ಎಳೆದು ಹಿಡಿದು ಕಾಯುವನು, ಎದುರಾಳಿ ಹೆಜ್ಜೆ ಎತ್ತಿದೊಡನೆ ಮುಂದಕ್ಕೆ ತಳ್ಳಿ ಗುಂಡಿ ಒತ್ತುವನು. ಅವನ ಹೆಸರು ನನಗೆ ಇಂದಿಗೂ ಗೊತ್ತಿಲ್ಲ, ಬೆರಳುಗಳು ಮಾತ್ರ ಕಣ್ಣಿಗೆ ಕಟ್ಟಿವೆ.

ಈಗ ಅದೇ ಆಟ ನನ್ನ ಕಂಪ್ಯೂಟರ್‌ನಲ್ಲಿದೆ. ಒಂದು ಕೀಲಿ ಒತ್ತಿದರೆ ನಾಣ್ಯ, ಮತ್ತೆ ಒತ್ತಿದರೆ ಮತ್ತೊಂದು. ಅರ್ಧ ಗಂಟೆಗೆ ಬೇಸರ ಬರುತ್ತದೆ. ತಪ್ಪು ವಯಸ್ಸಿನದೋ, ಆಟದ್ದೋ? ‘ಬಾಲ್ಯವೆಂದರೆ ಹಾಗೆಯೇ’ ಎಂಬ ಉತ್ತರ ಬೇಡ.

ಡಿಪ್‌ಸ್ವಿಚ್:
ತಪ್ಪು ಆ ಕೀಲಿಯದು. ಆರ್ಕೇಡ್ ಆಟ ಹುಟ್ಟಿದ್ದೇ ನಿಮ್ಮನ್ನು ಬೇಗ ಸೋಲಿಸಿ ಮುಂದಿನವರಿಗೆ ಜಾಗ ಮಾಡಿಕೊಡಲು. ಎಷ್ಟು ಜೀವ ಕೊಡಬೇಕು, ಎಷ್ಟು ಕಷ್ಟ ಕೊಡಬೇಕು ಎಂಬುದನ್ನು ಯಂತ್ರದೊಳಗಿನ ಸರ್ಕ್ಯೂಟ್ ಬೋರ್ಡಿನ ಮೇಲಿನ ಪುಟ್ಟ ಡಿಪ್ ಸ್ವಿಚ್‌ಗಳಲ್ಲಿ ಅಂಗಡಿಯವರೇ ಹೊಂದಿಸಬಹುದಿತ್ತು. 1978ರ ‘ಸ್ಪೇಸ್ ಇನ್ವೇಡರ್ಸ್’ ನೋಡಿ. ಶತ್ರುಗಳು ಸತ್ತಷ್ಟೂ ಬಿಡಿಸಬೇಕಾದ ಚಿತ್ರಗಳು ಕಡಿಮೆಯಾಗಿ, ಉಳಿದವು ತಾವಾಗಿಯೇ ವೇಗ ಪಡೆಯುತ್ತಿದ್ದವು. ಅದು ಯಂತ್ರದ ಮಿತಿಯಿಂದ ಆದದ್ದು. ರೂಪಿಸಿದ ತೊಮೊಹಿರೊ ನಿಶಿಕಾಡೊ ಅದನ್ನು ತಿದ್ದದೆ ಉಳಿಸಿಕೊಂಡರು. ಕೊನೆಯ ಶತ್ರು ಸರಸರನೆ ಓಡುವಾಗ ಎದೆ ಡವಗುಟ್ಟುವುದು ಜೇಬಿನಲ್ಲಿ ಇನ್ನೊಂದು ನಾಣ್ಯ ಇಲ್ಲದವನಿಗೆ ಮಾತ್ರ. ಒಂದೇ ನಾಣ್ಯದಲ್ಲಿ ಆಡಿ ನೋಡಿ.

ಗಿಡ್ಡ:
ನೀವೆಲ್ಲ ಎತ್ತರದ ಹುಡುಗರಾಗಿದ್ದಿರಬೇಕು. ನನ್ನ ಸರದಿ ಬಂದಾಗ ದೊಡ್ಡವರೊಬ್ಬರು ‘ಈ ಹಂತ ದಾಟಿಸಿಕೊಡುತ್ತೇನೆ’ ಎಂದು ಜಾಯ್‌ಸ್ಟಿಕ್ ಕಿತ್ತುಕೊಳ್ಳುತ್ತಿದ್ದರು. ದಾಟಿಸುತ್ತಲೂ ಇರಲಿಲ್ಲ.

‘ಟೆಕ್ಕನ್’ ಎಂಬ ಕಾದಾಟದ ಆಟ ಓಡುತ್ತಿದ್ದ ನ್ಯಾಮ್ಕೋ ಕಂಪನಿಯ ಬೋರ್ಡು, ಮನೆಯಲ್ಲಿ ಟಿವಿಗೆ ಜೋಡಿಸಿ ಆಡುವ ಪ್ಲೇಸ್ಟೇಷನ್‌ನ ಯಂತ್ರಾಂಶವನ್ನೇ ಆಧರಿಸಿತ್ತು. 1995ರಲ್ಲಿ ಆ ಆಟ ಹೆಚ್ಚುಕಡಿಮೆ ಇದ್ದ ಹಾಗೆಯೇ ಮನೆಯ ಟಿವಿಗೆ ಬಂತು. ಇನ್ನು ಹೊರಗೆ ಹೋಗಿ ಸಾಲಿನಲ್ಲಿ ನಿಲ್ಲುವವರು ಯಾರು? ಜಪಾನಿನಲ್ಲಿ ಸೆಗಾ ಕಂಪನಿ ಕೂಡ ತನ್ನ ಆರ್ಕೇಡ್ ಮಳಿಗೆ ವ್ಯವಹಾರದ ಬಹುಪಾಲನ್ನು 2020ರಲ್ಲಿ ಮಾರಿ, 2022ರಲ್ಲಿ ಉಳಿದ ಪಾಲನ್ನೂ ಬಿಟ್ಟುಕೊಟ್ಟಿತು. ನಾನಂತೂ ಅಳಲಿಲ್ಲ.

ಬೆಸುಗೆ:
ನಾನು ಹಳೆಯ ಯಂತ್ರಗಳನ್ನು ರಿಪೇರಿ ಮಾಡುತ್ತೇನೆ. ಕೆಲವು ‘ಪ್ಯಾಕ್-ಮ್ಯಾನ್’ ಯಂತ್ರಗಳ ಪರದೆಯಲ್ಲಿ ವಿದ್ಯುತ್ ತೆಗೆದರೂ ಆ ಚಕ್ರವ್ಯೂಹ ಮಾಸಲಾಗಿ ಕಾಣುತ್ತದೆ. ವರ್ಷಗಟ್ಟಲೆ ಒಂದೇ ಚಿತ್ರ ಉರಿದು ಗಾಜಿನ ಒಳಬದಿಯ ಲೇಪವೇ ಸುಟ್ಟಿರುತ್ತದೆ. ಕ್ಯಾಪ್‌ಕಾಮ್ ಕಂಪನಿಯ ಸಿಪಿಎಸ್-2 ಎಂಬ ಆಟದ ಬೋರ್ಡುಗಳ ಪಾಡು ಇನ್ನೂ ವಿಚಿತ್ರ. ನಕಲು ತಡೆಯಲು ಗುಪ್ತ ಸಂಕೇತವನ್ನು ಬ್ಯಾಟರಿಯ ಬಲದಲ್ಲಿ ಉಳಿಯುವ ಮೆಮೊರಿಯಲ್ಲಿ ಇಟ್ಟಿದ್ದರು. ಬ್ಯಾಟರಿ ಸತ್ತರೆ ಆಟವೂ ಸತ್ತಿತು. ಹವ್ಯಾಸಿಗಳು ಆ ಸಂಕೇತಗಳನ್ನು ಬಿಡಿಸಿದ್ದರಿಂದ ಈಗ ಎಷ್ಟೋ ಬೋರ್ಡುಗಳನ್ನು ಬದುಕಿಸಬಹುದು. ಎಮ್ಯುಲೇಟರ್ (ಹಳೆಯ ಯಂತ್ರವನ್ನು ಕಂಪ್ಯೂಟರ್‌ನಲ್ಲಿ ಅನುಕರಿಸುವ ತಂತ್ರಾಂಶ) ಸಪ್ಪೆ ಎನ್ನುವವರು ಇದನ್ನೂ ಲೆಕ್ಕಕ್ಕೆ ಹಿಡಿಯಿರಿ. ಅದಿಲ್ಲದಿದ್ದರೆ ಬೇಸರಪಡಲೂ ಆಟ ಇರುತ್ತಿರಲಿಲ್ಲ.

ಕೆಂಪುಗುಂಡಿ:
ಒಂದೇ ನಾಣ್ಯದಲ್ಲಿ ಆಡಿದೆ. ಅಂಗೈ ಬೆವರಿತು, ನಿಜ. ಆದರೆ ಕೂದಲೆಳೆಯಲ್ಲಿ ಸೋತಾಗ ಹಿಂದಿನಿಂದ ‘ಅಯ್ಯೋ’ ಎನ್ನುವವರು ಯಾರೂ ಇರಲಿಲ್ಲ. ಡಿಪ್‌ಸ್ವಿಚ್ ಅವರೇ, ಅದಕ್ಕೂ ಒಂದು ಸ್ವಿಚ್ ಇದ್ದರೆ ತಿಳಿಸಿ. ಗಿಡ್ಡ ಅವರೇ, ಆನ್‌ಲೈನ್‌ನಲ್ಲಿ ಒಂದು ಪಂದ್ಯಕ್ಕೆ ಬನ್ನಿ. ನಿಮ್ಮ ಜಾಯ್‌ಸ್ಟಿಕ್ಕಿಗೆ ಯಾರೂ ಕೈ ಹಾಕುವುದಿಲ್ಲ.

ಗಿಡ್ಡ:
ಭಾನುವಾರ ಆಗಬಹುದು. ಸೋತರೆ ನನ್ನ ಇಂಟರ್ನೆಟ್ ನಿಧಾನವಾಗಿತ್ತು ಎಂದು ಈಗಲೇ ಬರೆದಿಡುತ್ತಿದ್ದೇನೆ.