ಹೊಟ್ಟೆ ಉಬ್ಬಿದೆ, ಗ್ಯಾಸ್ ಕೂಡ ಹೋಗುತ್ತಿಲ್ಲ. ಅಮ್ಮನಿಗೆ ಹರಳೆಣ್ಣೆ ಕೊಡಬಹುದಾ?

ಪ್ರಶ್ನೆ:
ಅಮ್ಮನಿಗೆ 61 ವರ್ಷ. ನಿನ್ನೆ ಬೆಳಿಗ್ಗೆಯಿಂದ ಮೋಷನ್ ಆಗಿಲ್ಲ, ಹೊಟ್ಟೆ ತಮಟೆ ಥರ ಬಿಗಿದುಕೊಂಡಿದೆ. ನೋವು ಬಿಟ್ಟು ಬಿಟ್ಟು ಬರುತ್ತದೆ, ಬಂದಾಗ ಮಂಚದ ಪಟ್ಟಿ ಹಿಡಿದು ಮುದುರಿಕೊಳ್ಳುತ್ತಾರೆ, ಸ್ವಲ್ಪ ಹೊತ್ತಿಗೆ ಕಡಿಮೆ, ಮತ್ತೆ ಶುರು. ರಾತ್ರಿಯಿಂದ ಮೂರು ಸಲ ವಾಂತಿ, ಕೊನೆಯದು ಪೂರ್ತಿ ಹಸಿರು. 12 ವರ್ಷದ ಹಿಂದೆ ಗರ್ಭಕೋಶ ತೆಗೆಸಿದ್ದು ಬಿಟ್ಟರೆ ಬೇರೇನೂ ಕಾಯಿಲೆ ಇಲ್ಲ. ಪಕ್ಕದ ಮನೆಯವರು ಹರಳೆಣ್ಣೆ ಕುಡಿಸಿ ಅಂತಿದ್ದಾರೆ.

ಉತ್ತರ 1:
ದಯವಿಟ್ಟು ಕೊಡಬೇಡಿ. ನಾನು ಸರ್ಜರಿ ವಾರ್ಡಿನಲ್ಲಿ ನರ್ಸ್. ಬರೀ ಮಲಬದ್ಧತೆ ಆಗಿದ್ದರೆ ಗ್ಯಾಸ್ ಆದರೂ ಹೋಗುತ್ತಿತ್ತು. ವಾಂತಿ ಹಸಿರು ಅಂದರೆ ಪಿತ್ತ, ಕರುಳಿನಲ್ಲಿ ಎಲ್ಲೋ ದಾರಿ ಕಟ್ಟಿರಬಹುದು. ಹರಳೆಣ್ಣೆ ಕರುಳನ್ನು ಇನ್ನೂ ಜೋರಾಗಿ ಹಿಂಡಿಸುತ್ತದೆ, ಮುಂದೆ ದಾರಿಯೇ ಇಲ್ಲದಾಗ ಹಾಗೆ ಹಿಂಡಿದರೆ ಕರುಳು ತೂತಾಗುವ ಭಯ. ನೀರು, ಎಳನೀರು, ಏನೂ ಬೇಡ. ಸರ್ಜನ್ ಮತ್ತು ಸಿಟಿ ಸ್ಕ್ಯಾನ್ ಎರಡೂ ಇರುವ ಆಸ್ಪತ್ರೆಗೆ ಈಗಲೇ ಹೊರಡಿ, ಗಾಡಿ ಇಲ್ಲದಿದ್ದರೆ 108. ಹಳೇ ಆಪರೇಷನ್ ವಿಷಯ ಮೊದಲೇ ಹೇಳಿ.

ಉತ್ತರ 2:
ನನ್ನ ತಮ್ಮನಿಗೂ ಹೀಗೇ ಆಗಿತ್ತು, ಅಪೆಂಡಿಕ್ಸ್ ತೆಗೆಸಿ ನಾಲ್ಕು ವರ್ಷದ ಮೇಲೆ. ಆಪರೇಷನ್ ಆದ ಹೊಟ್ಟೆಯೊಳಗೆ ಕರುಳು ಒಂದಕ್ಕೊಂದು ಅಂಟಿಕೊಳ್ಳುತ್ತದಂತೆ, ಅಡ್ಹೀಷನ್ ಅಂತಾರೆ. ಸಣ್ಣ ಕರುಳು ಕಟ್ಟಿಕೊಳ್ಳುವುದು ಜಾಸ್ತಿ ಇದರಿಂದಲೇ, ಎಷ್ಟೋ ವರ್ಷ ಬಿಟ್ಟೂ ಆಗಬಹುದು. ಮೂಗಿನಿಂದ ಟ್ಯೂಬ್ ಇಳಿಸಿದ್ದೇ ತಡ, ಚೀಲಕ್ಕೆ ಒಂದು ಲೀಟರಿಗೂ ಮೇಲೆ ಹಸಿರು ನೀರು ಬಂತು, ಆಮೇಲೇ ಅವನು ಕಣ್ಣು ಮುಚ್ಚಿ ಮಲಗಿದ್ದು. ಬಾಯಿಗೆ ಏನೂ ಇಲ್ಲ, ಬರೀ ಡ್ರಿಪ್. ಮೂರನೇ ದಿನ ಗ್ಯಾಸ್ ಹೋಯಿತು, ಆಪರೇಷನ್ ಬೇಕಾಗಲಿಲ್ಲ. ಆದರೆ ನೋವು ಬಿಡುವೇ ಇಲ್ಲದೆ ಒಂದೇ ಸಮ ಬಂದರೆ, ಜ್ವರ ಬಂದರೆ, ಕರುಳಿಗೆ ರಕ್ತ ಹೋಗುವುದೇ ನಿಂತಿರಬಹುದು, ಆಗ ತಡ ಮಾಡೋ ಹಾಗಿಲ್ಲ.

ಉತ್ತರ 3:
ತೊಡೆಸಂದಿನಲ್ಲಿ, ಹಳೇ ಹೊಲಿಗೆ ಜಾಗದಲ್ಲಿ ಗಂಟು ಇದೆಯಾ ನೋಡಿ. ನಮ್ಮ ಅತ್ತೆ ನಾಚಿಕೆಗೆ ಹರ್ನಿಯಾ ವಿಷಯ ಹೇಳಿರಲೇ ಇಲ್ಲ, ಕರುಳು ಅದರಲ್ಲೇ ಸಿಕ್ಕಿಕೊಂಡಿತ್ತು.

ಪ್ರಶ್ನೆ ಕೇಳಿದವರು:
ಅಡ್ಮಿಟ್ ಮಾಡಿದೆವು. ಗಂಟು ಇಲ್ಲ. ಸ್ಕ್ಯಾನಿನಲ್ಲಿ ಅಡ್ಹೀಷನ್ ಥರ ಕಾಣಿಸುತ್ತಿದೆ, ರಕ್ತ ಓಡಾಟ ಸರಿಯಾಗಿದೆ ಅಂದರು. ಟ್ಯೂಬ್ ಹಾಕಿದ್ದಾರೆ, ಎರಡು ದಿನ ನೋಡುತ್ತಾರಂತೆ. ಎಣ್ಣೆ ಬಟ್ಟಲಿಗೆ ಬಗ್ಗಿಸಿಟ್ಟಿದ್ದೆ, ಹಾಗೇ ಬಿಟ್ಟು ಬಂದೆ. ಈಗ ಗಂಟೆಗೊಂದು ಸಲ ಅಮ್ಮನ್ನ ಕೇಳುತ್ತಾ ಕೂತಿದ್ದೇನೆ, ಗ್ಯಾಸ್ ಹೋಯಿತಾ ಅಂತ.