ಟ್ಯೂನ್ ಮಾಡಿಸಿರೋ ಹಳೇ ಟರ್ಬೊ ಪೋಲೊ: ತುಮಕೂರು–ಪೀಣ್ಯ ದಿನದ ಓಡಾಟಕ್ಕೆ ತಗೋಬಹುದಾ?

ಕೇಳಿದವರು, ತುಮಕೂರು:
2021ರ ಫೋಕ್ಸ್‌ವ್ಯಾಗನ್ ಪೋಲೊ 1.0 ಟಿಎಸ್‌ಐ (ಟರ್ಬೊ, ಅಂದ್ರೆ ಎಂಜಿನ್‌ಗೆ ಗಾಳಿ ಒತ್ತಿ ತುಂಬೋ ಸಾಧನ ಇರೋ ಪೆಟ್ರೋಲ್ ಗಾಡಿ), ಮ್ಯಾನುಯಲ್, 62,000 ಕಿ.ಮೀ. ಓಡಿದೆ. ಸ್ಟೇಜ್ 1 ರೀಮ್ಯಾಪ್ (ದೊಡ್ಡ ಭಾಗ ಬದಲಿಸದೆ ಎಂಜಿನ್ ಕಂಪ್ಯೂಟರ್ ಫೈಲ್ ತಿದ್ದಿ ಬಲ ಏರಿಸೋದು), ಓಪನ್ ಫಿಲ್ಟರ್ (ಡಬ್ಬಿ ಇಲ್ಲದ ಏರ್ ಫಿಲ್ಟರ್), ಕ್ಯಾಟ್ (ಹೊಗೆ ಶುದ್ಧ ಮಾಡೋ ಕ್ಯಾಟಲಿಟಿಕ್ ಕನ್ವರ್ಟರ್) ಇಲ್ಲದ ಡೌನ್‌ಪೈಪ್ (ಟರ್ಬೊದಿಂದ ಹೊಗೆ ಹೊರಗೆ ಹೋಗೋ ಪೈಪ್), ಗಾಡಿ ತಗ್ಗಿಸೋ ಲೋವರಿಂಗ್ ಸ್ಪ್ರಿಂಗ್ ಹಾಕಿಸಿದ್ದಾರೆ. ವಾರಕ್ಕೆ ಐದು ದಿನ ಪೀಣ್ಯಕ್ಕೆ ಹೋಗಿ ಬರಬೇಕು. ಸ್ಟಾಕ್ (ಕಂಪನಿಯಿಂದ ಬಂದ ಹಾಗೇ ಇರೋ) ಗಾಡಿಗಿಂತ 40,000 ಜಾಸ್ತಿ ಹೇಳ್ತಿದ್ದಾರೆ ಮಾರೋರು, ‘ಮಾಡಿಫಿಕೇಶನ್‌ಗೇ ಒಂದೂವರೆ ಲಕ್ಷ ಸುರಿದಿದೀನಿ’ ಅಂತ. ಗೊತ್ತಿರೋರು ದಯವಿಟ್ಟು ಹೇಳಿ.

ಕ್ಯಾತ್ಸಂದ್ರದಿಂದ:
ಮೊದಲು ಬೆಲೆ ಮಾತಾಡೋಣ ಸಾರ್. ಅವರು ಸುರಿದ ದುಡ್ಡು ಅವರ ಶೋಕಿಗೆ ಆಯ್ತು, ಅದನ್ನ ನಿಮ್ಮ ತಲೆಗೆ ಕಟ್ಟೋ ಹಾಗಿಲ್ಲ. ಸ್ಟಾಕ್ ಗಾಡಿಗಿಂತ ಕಮ್ಮಿಗೇ ಕೇಳಿ, ಯಾಕಂದ್ರೆ ವಾಪಸ್ ಸ್ಟಾಕ್ ಮಾಡಿಸೋ ಖರ್ಚು ನಿಮ್ಮದು.

ಇನ್ನೊಂದು ವಿಷಯ. ಕ್ಯಾಟ್ ಇಲ್ಲದ ಡೌನ್‌ಪೈಪ್ ಹಾಕಿದ ಮೇಲೆ ಅದು ಸ್ಟೇಜ್ 1 ಅಲ್ಲ. ಕ್ಯಾಟ್ ತೆಗೆದರೆ ಪಿ0420 (ಕ್ಯಾಟ್ ಸರಿಯಾಗಿ ಕೆಲಸ ಮಾಡ್ತಿಲ್ಲ ಅನ್ನೋ ದೋಷ) ಕೋಡ್ ಬಂದು ಚೆಕ್ ಎಂಜಿನ್ ಲೈಟ್ ಹತ್ತಬೇಕು. ಹತ್ತಿಲ್ಲ ಅಂದ್ರೆ ಇಸಿಯು (ಎಂಜಿನ್ ಕಂಪ್ಯೂಟರ್) ಫೈಲ್‌ನಲ್ಲೇ ಆ ಕೋಡನ್ನ ಮುಚ್ಚಿರೋ ಸಾಧ್ಯತೆ ಹೆಚ್ಚು. ಜೊತೆಗೆ ಇನ್ನೇನೇನು ಮುಚ್ಚಿದ್ದಾರೋ! ಟ್ಯೂನ್ ಮಾಡಿದ್ದು ಯಾರು, ಬಿಲ್ ಇದೆಯಾ, ಡೈನೊ ಶೀಟ್ (ಎಂಜಿನ್ ಬಲ ಅಳೆದ ವರದಿ) ಇದೆಯಾ, ಒರಿಜಿನಲ್ ಫೈಲ್ ಇಟ್ಟಿದ್ದಾರಾ, ಇಷ್ಟನ್ನೂ ಕೇಳಿ. ‘ಫ್ರೆಂಡ್ ಮಾಡಿಕೊಟ್ಟ’ ಅಂದ್ರೆ ಅಲ್ಲಿಂದ ಎದ್ದು ಬನ್ನಿ.

ಬೆಳಿಗ್ಗೆ ಬೇಗ ಹೋಗಿ, ಬಾನೆಟ್ ಮುಟ್ಟಿ ನೋಡಿ. ಬಿಸಿ ಇದ್ರೆ ‘ನಾಳೆ ಬರ್ತೀನಿ’ ಅಂತ ವಾಪಸ್ ಬನ್ನಿ. ತಣ್ಣಗಿರೋ ಎಂಜಿನ್ ಸ್ಟಾರ್ಟ್ ಮಾಡಿದಾಗ ನೀಲಿ ಹೊಗೆ ಬರಬಾರದು. ಮೂರು ಸಿಲಿಂಡರ್ ಆಗಿರೋದ್ರಿಂದ ಸ್ವಲ್ಪ ನಡುಗೋದು ಸಹಜ, ಆದರೆ ಲಯ ತಪ್ಪಿ ಮುಗ್ಗರಿಸಿದ್ರೆ ಮಿಸ್‌ಫೈರ್, ಅಂದ್ರೆ ಯಾವುದೋ ಸಿಲಿಂಡರಲ್ಲಿ ಪೆಟ್ರೋಲ್ ಸರಿಯಾಗಿ ಹೊತ್ತಿಕೊಳ್ತಿಲ್ಲ. ಒಬಿಡಿ ಸ್ಕ್ಯಾನರ್ (ಗಾಡಿ ಕಂಪ್ಯೂಟರ್ ಓದೋ ಸಾಧನ) ಹಾಕಿ ಕೋಡ್ ಒಂದೇ ನೋಡಬೇಡಿ, ರೆಡಿನೆಸ್ ಮಾನಿಟರ್ (ಗಾಡಿಯ ಸ್ವಯಂ ಪರೀಕ್ಷೆಗಳು ಮುಗಿದಿವೆಯಾ ಅಂತ ತೋರಿಸೋ ಪಟ್ಟಿ) ಕೂಡ ನೋಡಿ. ಅದರಲ್ಲಿ ತುಂಬಾ ‘ನಾಟ್ ರೆಡಿ’ ಇದ್ರೆ ಹಿಂದಿನ ದಿನ ತಾನೇ ಕೋಡ್ ಅಳಿಸಿದ್ದಾರೆ ಅಥವಾ ಬ್ಯಾಟರಿ ಬಿಚ್ಚಿದ್ದಾರೆ.

ಚಿಂತಾಮಣಿಯಿಂದ:
ಎಲ್ಲರೂ ರೀಮ್ಯಾಪ್ ಮೇಲೇ ಬೀಳ್ತಾರೆ. ನನ್ನ ಕೇಳಿದ್ರೆ ಓಪನ್ ಫಿಲ್ಟರೇ ಹೆಚ್ಚು ಅಪಾಯ. ನಮ್ಮ ಚಿಕ್ಕಬಳ್ಳಾಪುರ ಕಡೆ ಕ್ರಷರ್ ಧೂಳು, ನಿಮ್ಮ ಕಡೆ ಟಿಪ್ಪರ್ ಹಿಂದಿನ ಧೂಳು. ಫಿಲ್ಟರ್ ಸರಿಯಾಗಿ ಕೂತಿಲ್ಲ ಅಂದ್ರೆ ಆ ಸಣ್ಣ ಪುಡಿ ನೇರ ಟರ್ಬೊ ಚಕ್ರಕ್ಕೆ ಹೊಡೆದು ರೆಕ್ಕೆ ಅಂಚನ್ನ ಸವೆಸುತ್ತೆ, ಉಳಿದದ್ದು ಸಿಲಿಂಡರ್ ಗೋಡೆ ಉಜ್ಜುತ್ತೆ.

ಪರೀಕ್ಷೆ ಸುಲಭ. ಎಂಜಿನ್ ಆಫ್ ಇದ್ದು ತಣ್ಣಗಿರುವಾಗ ಟರ್ಬೊಗೆ ಗಾಳಿ ಹೋಗೋ ಪೈಪ್ ಬಿಚ್ಚಿಸಿ. ಟಾರ್ಚ್ ಬಿಟ್ಟು ರೆಕ್ಕೆ ಅಂಚು ನೋಡಿ: ಕತ್ತಿ ಹಾಗೆ ನೆಟ್ಟಗಿರಬೇಕು, ಇಲಿ ಕಡಿದ ಹಾಗೆ ಇರಬಾರದು. ನಟ್ ಹಿಡಿದು ಆ ಕಡೆ ಈ ಕಡೆ ಅಲ್ಲಾಡಿಸಿ. ಕೂದಲೆಳೆಯಷ್ಟು ಆಡಿದ್ರೆ ಪರವಾಗಿಲ್ಲ, ಬೇರಿಂಗಲ್ಲಿ ಆಯಿಲ್‌ಗೆ ಅಷ್ಟು ಜಾಗ ಬೇಕು. ಒಳಗೆ ಹೊರಗೆ ಎಳೆದಾಗ ಕೈಗೆ ಗೊತ್ತಾಗೋ ಹಾಗೆ ಆಡಿದ್ರೆ, ಇಲ್ಲಾ ರೆಕ್ಕೆ ಗೋಡೆಗೆ ತಾಗಿದ ಗೀರು ಕಂಡ್ರೆ ಆ ಟರ್ಬೊ ಮುಗೀತು. ಇಂಟರ್‌ಕೂಲರ್ (ಟರ್ಬೊದಿಂದ ಬಂದ ಬಿಸಿ ಗಾಳಿ ತಣಿಸೋದು) ಪೈಪ್ ಒಳಗೆ ಎಣ್ಣೆ ಪಸೆ ಇರುತ್ತೆ, ಹೆದರಬೇಡಿ. ಬಗ್ಗಿಸಿದಾಗ ತೊಟ್ಟಿಕ್ಕಿದ್ರೆ ಮಾತ್ರ ಚಿಂತೆ.

ಆಮೇಲೆ ಕಂಪ್ರೆಶನ್ ಟೆಸ್ಟ್, ಅಂದ್ರೆ ಸಿಲಿಂಡರ್ ಒಳಗಿನ ಒತ್ತಡ ಅಳೆಯೋದು. ಮೂರೂ ಸಿಲಿಂಡರ್ ಒಂದಕ್ಕೊಂದು ಶೇ. 10ರ ಒಳಗಿರಲಿ.

ಕೋಲಾರದಿಂದ:
ಹೈವೇ ಓಟ ಟರ್ಬೊಗೆ ಒಳ್ಳೇದೇ. ತೊಂದರೆ ಆಗೋದು ಲಾರಿ ಹಿಂದೆ ಸಿಕ್ಕಿಕೊಂಡಾಗ. ಐದನೇ ಗೇರ್, 1,500 ಆರ್‌ಪಿಎಂ, ಕೆಳಗಿನ ಗೇರಿಗೆ ಬರದೆ ಪೆಡಲ್ ಪೂರ್ತಿ ಒತ್ತಿದ್ರೆ ಸಣ್ಣ ಡೈರೆಕ್ಟ್ ಇಂಜೆಕ್ಷನ್ (ಸಿಲಿಂಡರ್ ಒಳಗೇ ಪೆಟ್ರೋಲ್ ಸಿಂಪಡಿಸೋ) ಎಂಜಿನ್‌ನಲ್ಲಿ ಕಿಡಿ ಬೀಳೋ ಮುಂಚೆಯೇ ಪೆಟ್ರೋಲ್ ಹೊತ್ತಿಕೊಳ್ಳಬಹುದು. ಒಂದೇ ಜೋರು ಏಟಿಗೆ ಪಿಸ್ಟನ್‌ನಲ್ಲಿ ರಿಂಗ್ ಕೂರೋ ಅಂಚು ಒಡೆಯಬಹುದು. ಬೂಸ್ಟ್ (ಟರ್ಬೊ ತುಂಬೋ ಗಾಳಿಯ ಒತ್ತಡ) ಏರಿಸಿದ ಗಾಡೀಲಿ ಈ ಅಪಾಯ ಇನ್ನೂ ಜಾಸ್ತಿ. ಎರಡು ಗೇರ್ ಇಳಿಸಿ ಆಮೇಲೆ ಒತ್ತಿ. ಎಂಜಿನ್ ಆಯಿಲ್, ಕಾರು ಕಂಪನಿ ಹೇಳಿದ ಗ್ರೇಡ್‌ದೇ ಇರಲಿ, ಡಬ್ಬದ ಮೇಲೆ ಎಪಿಐ ಎಸ್‌ಪಿ ಅಂತ ಇದ್ರೆ ಇನ್ನೂ ಒಳ್ಳೇದು, ಆ ದರ್ಜೆ ಆಯಿಲ್‌ಗೆ ಇದೇ ತೊಂದರೆ ತಡೆಯೋ ಪರೀಕ್ಷೆ ಇದೆ.

ನಿಮ್ಮ ಲೆಕ್ಕ: ದಿನಕ್ಕೆ ಸುಮಾರು 120 ಕಿ.ಮೀ., ವರ್ಷಕ್ಕೆ 30,000. ಕಂಪನಿ 15,000 ಕಿ.ಮೀ.ಗೆ ಆಯಿಲ್ ಬದಲಿಸಿ ಅನ್ನುತ್ತೆ. ಟ್ಯೂನ್ ಆದ ಗಾಡಿಗೆ 7,500 ಇಟ್ಟುಕೊಳ್ಳಿ, ಅಂದ್ರೆ ವರ್ಷಕ್ಕೆ ನಾಲ್ಕು ಸಲ, ಪ್ರತಿ ಸಲ ಸುಮಾರು 4 ಲೀಟರ್. ಸ್ಪಾರ್ಕ್ ಪ್ಲಗ್ 20,000 ಕಿ.ಮೀ.ಗೆ ಬದಲಿಸಿ. ಮ್ಯಾಪ್ (ರೀಮ್ಯಾಪ್ ಫೈಲ್) 95 ಆಕ್ಟೇನ್ ದರ್ಜೆ ಪೆಟ್ರೋಲ್‌ಗೆ ಬರೆದಿದ್ರೆ ದಿನಾ ಅದೇ ಪೆಟ್ರೋಲ್ ಹಾಕಿಸಬೇಕು. ರಾತ್ರಿ ಹತ್ತಕ್ಕೆ ನೆಲಮಂಗಲದಲ್ಲಿ ಸಿಗದೆ ಕಮ್ಮಿ ಆಕ್ಟೇನ್‌ದು ಹಾಕಿಸಿದ್ರೆ ಅವತ್ತು ಮೆಲ್ಲಗೆ ಬನ್ನಿ.

ಕ್ಲಚ್ ನೋಡೋದು ಹೀಗೆ: ದೇವರಾಯನದುರ್ಗದ ಏರಲ್ಲಿ ನಾಲ್ಕನೇ ಗೇರ್, 2,000 ಆರ್‌ಪಿಎಂ ದಾಟಿದ ಮೇಲೆ ಒತ್ತಿ. ಆರ್‌ಪಿಎಂ ಮುಳ್ಳು ಛಂಗನೆ ಮೇಲೇರಿ ವೇಗ ಅಲ್ಲೇ ಇದ್ರೆ ಕ್ಲಚ್ ಜಾರ್ತಿದೆ. ಈ ಎಂಜಿನ್ ಟಾರ್ಕ್ (ತಿರುಗಿಸೋ ಬಲ) ಸ್ಟಾಕ್‌ನಲ್ಲಿ 175 ಎನ್ಎಂ, ರೀಮ್ಯಾಪ್ ಆದಮೇಲೆ 200 ದಾಟುತ್ತೆ. ಮೊದಲು ಸೋಲೋದು ಕ್ಲಚ್ಚೇ.

ಶಿರಾ ಗೇಟ್‌ನಿಂದ:
ಕಾಗದದ ಮಾತು ಯಾರೂ ಎತ್ತಲಿಲ್ಲ. ಮೋಟಾರು ವಾಹನ ಕಾಯ್ದೆ ಸೆಕ್ಷನ್ 52 ಪ್ರಕಾರ ಆರ್‌ಸಿಯಲ್ಲಿರೋ ವಿವರ ತಯಾರಕರು ಕೊಟ್ಟಿದ್ದಕ್ಕಿಂತ ಬೇರೆಯಾಗೋ ಹಾಗೆ ಗಾಡಿ ಬದಲಿಸೋ ಹಾಗಿಲ್ಲ. 2019ರ ತಿದ್ದುಪಡಿ ಆದ್ಮೇಲೆ ಅಕ್ರಮ ಬದಲಾವಣೆ ಒಂದೊಂದಕ್ಕೂ 5,000 ದಂಡ, ಜೈಲಿಗೂ ಅವಕಾಶ ಇದೆ. ಇನ್ಶೂರೆನ್ಸ್‌ಗೆ ತಿಳಿಸದೆ ಮಾಡಿಸಿದ್ದು ಸರ್ವೇಯರ್ ಕಣ್ಣಿಗೆ ಬಿದ್ರೆ ಕ್ಲೇಮ್ ತಳ್ಳಿಹಾಕಬಹುದು. ದಿನಾ 120 ಕಿ.ಮೀ. ಓಡೋರು ಇದನ್ನ ಸಣ್ಣದು ಅಂದುಕೋಬೇಡಿ.

ಸ್ಪ್ರಿಂಗ್ ಬಗ್ಗೆ ಒಂದೇ ಮಾತು: ಸರ್ವಿಸ್ ರೋಡ್ ಹಂಪ್‌ಗಳಿಗೆ ಹೊಟ್ಟೆ ಉಜ್ಜುತ್ತೆ. ಗಾಡಿ ಎತ್ತಿಸಿ ಆಯಿಲ್ ಸಂಪ್ (ಎಂಜಿನ್ ಅಡಿಯ ಆಯಿಲ್ ತೊಟ್ಟಿ) ನೆಗ್ಗಿದೆಯಾ ನೋಡಿ.

ಕೇಳಿದವರು:
ಸ್ಟಾಕ್ ಫಿಲ್ಟರ್ ಬಾಕ್ಸ್, ಸ್ಪ್ರಿಂಗ್, ಕ್ಯಾಟ್ ಮೂರೂ ಮಾರೋರ ಮನೇಲಿವೆ, ಸ್ಟಾಕ್ ಫೈಲೂ ಟ್ಯೂನರ್ ಹತ್ತಿರ ಇದೆಯಂತೆ. ಮೊದಲು ಕ್ಯಾಟ್ ಹಾಕಿಸಿ, ಮ್ಯಾಪ್ ಮಾತ್ರ ಹಂಗೇ ಬಿಡಬಹುದಾ?

ಕ್ಯಾತ್ಸಂದ್ರದಿಂದ:
ಬೇಡ. ಡೌನ್‌ಪೈಪ್ ಲೆಕ್ಕಕ್ಕೆ ಬರೆದ ಮ್ಯಾಪಲ್ಲಿ ಕ್ಯಾಟ್ ಹಾಕಿ ಓಡಿಸಿದ್ರೆ ಹೊಗೆ ಹೋಗೋ ದಾರಿ ಕಟ್ಟಿದ ಹಾಗಾಗಿ ಟರ್ಬೊ ಬಿಸಿ ಏರುತ್ತೆ. ಕ್ಯಾಟ್ ಹಾಕಿಸೋದು, ಸ್ಟಾಕ್ ಫೈಲ್ ವಾಪಸ್ ಹಾಕಿಸೋದು ಎರಡನ್ನೂ ಒಂದೇ ದಿನ ಮಾಡಿಸಿ. ಆಮೇಲೆ 200 ಕಿ.ಮೀ. ಅವರೇ ಓಡಿಸಲಿ, ಕೋಡ್ ಯಾವುದೂ ಬರದೆ ಕ್ಯಾಟ್ ಮಾನಿಟರ್ ‘ರೆಡಿ’ ತೋರಿಸಿದ ಮೇಲೆ ಬಾಕಿ ದುಡ್ಡು ಕೊಡಿ. ಅಲ್ಲಿವರೆಗೆ ಅಡ್ವಾನ್ಸ್ 10,000 ಸಾಕು, ಮಾಲೀಕತ್ವ ವರ್ಗಾವಣೆಯ ಫಾರಂ 29, 30ಕ್ಕೆ ಸಹಿ ಆಗೋದು ಆಮೇಲೆ.