ಸಹಾಯ ಬೇಕು: ಅಮೆರಿಕದ ಅಧ್ಯಕ್ಷ ಅಭ್ಯರ್ಥಿ ಆಯ್ಕೆಯನ್ನು ಮಕ್ಕಳಿಗೆ ತಿಳಿಸೋದು ಹೇಗೆ?

ಎಲ್ಲರಿಗೂ ನಮಸ್ಕಾರ. ನಾನು ಮೂಡಿಗೆರೆ ಹತ್ತಿರದ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನದ ಟೀಚರ್. ಹೋದ ವಾರ ಹತ್ತನೇ ಕ್ಲಾಸಿನ ಹುಡುಗಿಯೊಬ್ಬಳು ಎದ್ದು ನಿಂತು, "ಮಿಸ್, ಅಮೆರಿಕದಲ್ಲಿ ಬಿ ಫಾರಂ ಯಾರು ಕೊಡ್ತಾರೆ?" ಅಂತ ಕೇಳಿದಳು. ಎಷ್ಟು ಒಳ್ಳೆಯ ಪ್ರಶ್ನೆ! ಇಲ್ಲಿ ಟಿಕೆಟ್ ಹೈಕಮಾಂಡ್ ಕೈಲಿರುತ್ತೆ, ಅಲ್ಲಿ ಒಂದೊಂದು ರಾಜ್ಯದಲ್ಲೂ ಮತದಾರರೇ ಪ್ರೈಮರಿಯಲ್ಲಿ (ಪಕ್ಷದ ಅಭ್ಯರ್ಥಿಯನ್ನ ಆರಿಸೋ ಮತದಾನ) ಇಲ್ಲವೇ ಕಾಕಸ್‌ನಲ್ಲಿ (ಒಂದೆಡೆ ಸೇರಿ ಆರಿಸೋ ಸಭೆ) ತೀರ್ಮಾನ ಮಾಡ್ತಾರೆ ಅಂದೆ.

2020ರವರೆಗೆ ಅಯೋವಾ ರಾಜ್ಯದಲ್ಲಿ ಡೆಮಾಕ್ರಟಿಕ್ ಪಕ್ಷದವರು ಕಾಕಸ್ ನಡೆಸ್ತಿದ್ದ ಹಾಗೇ ಕ್ಲಾಸಿನಲ್ಲಿ ಮಾಡಿಸಿದೆ. ಬೆಂಚು ಸರಿಸಿ, ನಾಲ್ಕು ಮೂಲೆಗೆ ಅಭ್ಯರ್ಥಿಗಳ ಬದಲು ಅಕ್ಕಿರೊಟ್ಟಿ, ಕಡುಬು, ನೀರುದೋಸೆ, ಪುಳಿಯೋಗರೆ ಅಂತ ಚೀಟಿ ಅಂಟಿಸಿದ್ವಿ. ಇದ್ದವರು 40 ಮಕ್ಕಳು, ಒಂದು ಗುಂಪು ಕಣದಲ್ಲಿ ಉಳಿಯೋಕೆ ಶೇ. 15, ಅಂದ್ರೆ ಕನಿಷ್ಠ 6 ಜನ ಬೇಕು. ಪುಳಿಯೋಗರೆ ಮೂಲೆಯಲ್ಲಿ ನಾಲ್ಕೇ ಜನ! ಕಡುಬಿನವರು ಅವರನ್ನ ಕೈಹಿಡಿದು ಎಳ್ಕೊಂಡು ಹೋದರು. ಅಷ್ಟು ಚೆನ್ನಾಗಿ ಅರ್ಥವಾಯ್ತು.

ತೊಡಕಾಗಿದ್ದು ಡೆಲಿಗೇಟ್‌ಗಳ (ಪಕ್ಷದ ಅಭ್ಯರ್ಥಿಯನ್ನ ಕೊನೆಗೆ ಓಟು ಹಾಕಿ ಆರಿಸೋ ಪ್ರತಿನಿಧಿಗಳು) ಲೆಕ್ಕದಲ್ಲಿ. ಡೆಮಾಕ್ರಟಿಕ್ ಪಕ್ಷದಲ್ಲಿ ಮತಕ್ಕೆ ತಕ್ಕಷ್ಟು ಹಂಚಿಕೆ, ರಿಪಬ್ಲಿಕನ್ ಪಕ್ಷದಲ್ಲಿ ಕೆಲವು ರಾಜ್ಯಗಳಲ್ಲಿ ಗೆದ್ದವರಿಗೇ ಎಲ್ಲ. 2024ರಲ್ಲಿ ಪ್ರೈಮರಿ ಗೆದ್ದ ಬೈಡನ್ ಹಿಂದೆ ಸರಿದ ಮೇಲೆ ಡೆಲಿಗೇಟ್‌ಗಳೇ ಕಮಲಾ ಹ್ಯಾರಿಸ್ ಅವರನ್ನ ಆರಿಸಿದ್ದು ಹೇಗೆ ಅನ್ನೋದಂತೂ ನಾನು ಹೇಳಿದ್ದು ಮಕ್ಕಳ ತಲೆಗೆ ಹೋಗಲೇ ಇಲ್ಲ.

ಇದಕ್ಕೊಂದು ಆಟವೋ, ಕನ್ನಡದ ಚಾರ್ಟೋ ಇದ್ದರೆ ದಯವಿಟ್ಟು ಕಳಿಸಿ. ನಿಮ್ಮ ಮನೆಯವರು ಯಾರಾದರೂ ಅಲ್ಲಿನ ಪೌರರಾಗಿ ಪ್ರೈಮರಿಯಲ್ಲಿ ಓಟು ಹಾಕಿದ್ದರೆ, ಶನಿವಾರ ಬೆಳಗ್ಗೆ 20 ನಿಮಿಷ ಮಕ್ಕಳ ಜೊತೆ ಫೋನಿನಲ್ಲಿ ಕನ್ನಡದಲ್ಲೇ ಮಾತಾಡ್ತಾರಾ? ಅವರಿಗದು ಶುಕ್ರವಾರ ರಾತ್ರಿ. ನಮ್ಮಲ್ಲಿ ಧ್ವಜಕಟ್ಟೆ ಹತ್ತಿರ ಮಾತ್ರ ನೆಟ್‌ವರ್ಕ್ ಸಿಗೋದು, ಮಕ್ಕಳನ್ನ ಅಲ್ಲೇ ಕೂರಿಸ್ತೀನಿ.